ತೊಟ್ಟಿಲ ತಳದ ವಿಳಾಸ

ಬಾಗಿಲು ಬಡಿದ ಸದ್ದಾಯಿತು. ಕೀರ್ತಿ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ತೊಟ್ಟಿಲ ಅಂಚಿನ ಮೇಲೆ ಬಿಟ್ಟು ಅಡುಗೆಮನೆಗೆ ಹೋದಳು. ಅತ್ತೆ ಚಂದ್ರವ್ವ ಸೆರಗು ಸರಿಮಾಡಿಕೊಂಡು, ಹಣೆಯ ಕುಂಕುಮವನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿಕೊಂಡು ಬಾಗಿಲ ಕಡೆ ನಡೆದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಕೆಲವು ತಿಂಗಳಿಂದ ಹೀಗೇ ನಡೆದುಕೊಂಡು ಬಂದಿತ್ತು.

ಯಾರೂ ಹೇಳಿ ಮಾಡಿದ್ದಲ್ಲ. ಕೀರ್ತಿಯ ಗಂಡ ಶಿವಪ್ರಕಾಶ ತೀರಿಕೊಂಡ ಮೇಲೆ ಬಾಡಿಗೆಗೆ ತೊಟ್ಟಿಲು ಕೇಳಿಕೊಂಡು ಬಂದ ಮೊದಲ ಮನೆಯವರಿಗೆ ಬಾಗಿಲು ತೆಗೆದವಳು ಅವಳೇ. ಬಂದ ಹೆಂಗಸು ಅವಳ ಹಣೆ ನೋಡಿದಳು, ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ನೋಡಿದಳು, ಹೆಸರಿಡುವ ದಿನ ಮುಂದಕ್ಕೆ ಹೋಗಬಹುದು, ಫೋನ್ ಮಾಡುತ್ತೇವೆ ಎಂದು ಮೆಟ್ಟಿಲಿಳಿದಳು. ಬೊಟ್ಟು ಇಡಬೇಡ ಎಂದು ಕೀರ್ತಿಗೆ ಯಾರೂ ಹೇಳಿರಲಿಲ್ಲ. ಇಡಬೇಕೆಂದು ಅವಳಿಗೆ ನೆನಪಾಗುತ್ತಿರಲಿಲ್ಲ, ಅಷ್ಟೆ. ಆಮೇಲೆ ಫೋಟೋ ಒಳಕೋಣೆಗೆ ಹೋಯಿತು, ಕೀರ್ತಿ ಅಡುಗೆಮನೆಗೆ ಹೋದಳು, ತೊಟ್ಟಿಲು ಕೊಡುವ ಕೈ ಚಂದ್ರವ್ವನದಾಯಿತು.

"ಯಾರ್ರೀ? ತೊಟ್ಟಲಕ್ಕ ಬಂದೀರೇನ್ರೀ? ಬರ್ರಿ, ಒಳಗ ಬರ್ರಿ."

"ಹೌದಮ್ಮ. ಹೋದ್ವಾರನೂ ಬಂದಿದ್ದೆ. ಅಳತೆ ನೋಡ್ಕೊಂಡ್ ಹೋಗಿದ್ದೆ."

ಆ ದನಿ ಕೀರ್ತಿಗೆ ಗುರುತು ಸಿಕ್ಕಿತು. ಇಸ್ತ್ರಿ ಮಾಡಿದ ಅಂಗಿ, ಮೆರುಗು ಹಾಕಿದ ಬೂಟು. ಹೋದ ವಾರ ಚಂದ್ರವ್ವ ಹೂವು ತರಲು ಹೋಗಿದ್ದಾಗ ಬಂದಿದ್ದ. ತಂಗಿಯ ಮಗುವಿಗೆ ಎಂದಿದ್ದ. ಅಳತೆ ಕೇಳಿದವನು ಅಳತೆಪಟ್ಟಿ ತಂದಿರಲಿಲ್ಲ. ಅದಕ್ಕೂ ಮೊದಲು ಒಮ್ಮೆ ಬಂದು, ಚಂದ್ರವ್ವ ಬಾಗಿಲು ತೆಗೆದ ಕೂಡಲೇ ಮನೆ ತಪ್ಪಿತು ಎಂದು ಹೋಗಿದ್ದ.

"ಕುಂದರ್ರಿ, ಚಾ ಕುಡದ ಹೋಗೀರಂತ," ಎಂದಳು ಚಂದ್ರವ್ವ.

ಚಹಾ ಕೊಡಲೇಬೇಕಿತ್ತು. ವೆಬ್‌ಸೈಟಿನ ಮೊದಲ ಪುಟದಲ್ಲಿ, ಕೆಂಪು ಹಳದಿ ಅರಗಿನ ಬಣ್ಣದ ಕಲಘಟಗಿ ತೊಟ್ಟಿಲುಗಳ ಚಿತ್ರದ ಕೆಳಗೆ, ಶಿವಪ್ರಕಾಶ ಬರೆದಿದ್ದ: 'ಮನೆಗೆ ಬನ್ನಿ. ತೊಟ್ಟಿಲು ನೋಡಿ, ಮುಟ್ಟಿ, ತೂಗಿ. ಚಹಾ ನಮ್ಮದು.' ಅದರ ಕೆಳಗೆ ಅಲ್ಲಾಳಸಂದ್ರದ ಈ ಮನೆಯ ವಿಳಾಸ, ಕೆರೆಯ ಕಡೆಯಿಂದ ಬಂದರೆ ಯಾವ ತಿರುವು, ಬೆಲ್ ಕೆಟ್ಟಿದೆ, ಬಾಗಿಲು ಬಡಿಯಿರಿ ಎಂಬುದೂ ಇತ್ತು. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದು ರಾತ್ರಿಗಟ್ಟಲೆ ಕುಳಿತು ಅದನ್ನೆಲ್ಲ ಅವನೇ ತುಂಬಿಸಿದ್ದ. ತನ್ನ ಊರಿನ ತೊಟ್ಟಿಲು ಬೆಂಗಳೂರಿನ ಮಕ್ಕಳಿಗೆ ಒಂದು ದಿನಕ್ಕಾದರೂ ಸಿಗಲಿ ಎಂಬುದು ಅವನ ಲೆಕ್ಕ. ಇವರದ್ದೇ ಒಂದು ಕೂಸು ಬರುವವರೆಗೆ ಮಂದಿಯ ಕೂಸುಗಳು ಮಲಗಲಿ ಎಂದು ನಗುತ್ತಿದ್ದ.

ಕೀರ್ತಿ ನೀರಿಗೆ ಚಹಾಪುಡಿ ಹಾಕಿದಳು. ಹೊರಗಿನ ಮಾತು ಸರಿಯಾಗಿ ಕೇಳಿಸುತ್ತಿತ್ತು.

"ಮನೇಲಿ ಯಾರ್ಯಾರ್ ಇದೀರಮ್ಮ?"

"ಯಾರದೀವ್ರಿ ಈಗ. ಮಗ ಹ್ವಾದ. ಸೊಸಿ ಒಬ್ಬಾಕಿ. ನಾನೂ ಬರೂ ಐತವಾರ ಊರಿಗೆ ಹೊಂಟೇನ್ರಿ, ನಮ್ಮ ಯಜಮಾನ್ರ ಕಣ್ಣಿಂದು ಆಪರೇಶನ್ ಐತಿ."

"ಹಾಗಾದ್ರೆ ಅವ್ರೊಬ್ರೇ ಇರ್ತಾರೆ."

"ಹೂನ್ರಿ. ಏನ್ ಮಾಡೂದು."

ಚಹಾ ಕುದಿಯಿತು. ಕೀರ್ತಿ ಸೋಸಿದಳು. ಎಂದಿನಂತೆ ಒಂದು ಲೋಟ ಹೆಚ್ಚಾಗಿತ್ತು. ಅಡುಗೆಮನೆಯ ಬಾಗಿಲಿನಿಂದ ಕೈ ಮಾತ್ರ ಹೊರಗೆ ಚಾಚಿ ತಟ್ಟೆ ಕೊಟ್ಟಳು. ಚಂದ್ರವ್ವ ಏಳುವ ಮೊದಲೇ ಅವನು ಎದ್ದು ಬಂದು ತಟ್ಟೆ ತೆಗೆದುಕೊಂಡ.

"ಥ್ಯಾಂಕ್ಸ್ ಮೇಡಂ," ಎಂದ, ಬಳೆಯಿಲ್ಲದ ಆ ಕೈಗೆ.

ಸಂಜೆ ವೆಬ್‌ಸೈಟಿನ ಮೂಲಕ ಒಂದು ವಿಚಾರಣೆ ಬಂದಿತ್ತು. ಹೆಸರಿರಲಿಲ್ಲ. 'ಭಾನುವಾರ ಕಳೆದ ಮೇಲೆ ಬರುತ್ತೇನೆ. ಆಗ ನಿಧಾನವಾಗಿ ಕುಳಿತು ನೋಡಬಹುದು. ನೀವು ಮಾಡಿದ ಚಹಾ ಚೆನ್ನಾಗಿತ್ತು.'

ಕೀರ್ತಿ ಅದನ್ನು ಓದಿದಳು. ಫೋನನ್ನು ಮಗುಚಿಟ್ಟು ಬಟ್ಟೆ ಮಡಚಿದಳು. ಸ್ವಲ್ಪ ಹೊತ್ತಿನ ಮೇಲೆ ಚಂದ್ರವ್ವನ ಮುಂದೆ ಹಿಡಿದು ಓದಿ ಹೇಳಿದಳು. ಚಂದ್ರವ್ವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೇರುತ್ತಿದ್ದ ಜೋಳವನ್ನು ಮೊರದಲ್ಲೇ ಬಿಟ್ಟಳು.

"ನಾ ಏನ್ ಹೇಳಿದ್ನವಾ ಅವಂಗ? ಬಂದವ್ರ ಕೂಡ ಮಾತಾಡಬಾರದೇನ?"

"ನೀವೇನ್ ಮಾಡ್ತೀರಿ, ಅತ್ತಿ."

"ನನ್ನ ಜೋಡಿ ನಡಿ. ಇದೆಲ್ಲಾ ಬಂದ್ ಮಾಡು. ಆ ತೊಟ್ಟಲಾ ಮಾರಿ ನಡಿ ಊರಿಗೆ."

ಕೀರ್ತಿ ಮಡಚಿಟ್ಟ ಬಟ್ಟೆಯೊಂದನ್ನು ಬಿಚ್ಚಿ ಮತ್ತೆ ಮಡಚಿದಳು. ಕಲಘಟಗಿಯ ಮನೆಯಲ್ಲಿ ಅವಳಿಗೆ ಒಳ್ಳೆಯ ಕೋಣೆ ಇತ್ತು. ಅಲ್ಲಿ ಬೆಳಗಾದರೆ ಯಾರಾದರೊಬ್ಬರು ಬಂದು ಪಕ್ಕದಲ್ಲಿ ಕುಳಿತು ಅವಳ ಮುಖ ನೋಡುತ್ತಿದ್ದರು. ಊಟ ಮಾಡಿದರೆ ಮಾಡಿದಳು ಎನ್ನುತ್ತಿದ್ದರು, ಬಿಟ್ಟರೆ ಬಿಟ್ಟಳು ಎನ್ನುತ್ತಿದ್ದರು. ಇಲ್ಲಿ ಬಾಗಿಲು ಹಾಕಿಕೊಂಡರೆ ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಪಾಠ ಮಾಡುತ್ತಿದ್ದ ಯಲಹಂಕದ ಕಾಲೇಜಿಗೆ ಹೋಗುವುದನ್ನು ಬಿಟ್ಟಿದ್ದಳು. ತೊಟ್ಟಿಲ ಬಾಡಿಗೆ ಮನೆಬಾಡಿಗೆಗೂ ಜೋಳಕ್ಕೂ ಸಾಲುತ್ತಿತ್ತು. ಅವಳಿಗೆ ಬೇಕಾಗಿದ್ದುದು ಅಷ್ಟೇ: ಹಾಕಿಕೊಳ್ಳಬಹುದಾದ ಒಂದು ಬಾಗಿಲು.

ಬಾಗಿಲು ಮತ್ತೆ ಬಡಿದ ಸದ್ದಾಯಿತು. ಇಬ್ಬರೂ ಕುಳಿತಲ್ಲೇ ಕುಳಿತರು.

"ನಾನು ಕಣಮ್ಮಾ, ಮುನಿಶಾಮಪ್ಪ!"

ಕೆಳಗೆ ವಾಸವಿದ್ದ ಮನೆಮಾಲೀಕ. ಬನಿಯನ್ನಿನ ಮೇಲೆ ಟವೆಲ್ ಹೊದ್ದು ಹೊಸ್ತಿಲ ಹೊರಗೇ ನಿಂತ.

"ಮಧ್ಯಾಹ್ನ ಬಂದಿದ್ನಲ್ಲ, ಬೂಟಿನೋನು. ಯಾರಮ್ಮಾ ಅವ್ನು? ಓದ್ಮೇಲೂ ಎದುರ್ಗಡೆ ಎಳನೀರ್ ಗಾಡಿತಾವ ನಿಂತ್ಕಂಡು ನಿಮ್ ಕಿಟಕೀನೇ ನೋಡ್ತಿದ್ದ. ಎಳನೀರೂ ಕುಡೀನಿಲ್ಲ."

ಕೀರ್ತಿ ಫೋನ್ ತೋರಿಸಿದಳು. ಅವನು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದ.

"ನೋಡಮ್ಮಾ, ಬೇಜಾರ್ ಮಾಡ್ಕಬ್ಯಾಡ. ಅಡ್ರೆಸ್ ಕೊಟ್ಟು ಬನ್ನಿ ಬನ್ನಿ ಅಂತ ಊರಿಗೆಲ್ಲಾ ಬರ್ದಿದೀರ. ಒಳ್ಳೇರೂ ಬತ್ತಾರೆ, ಇಂತೋರೂ ಬತ್ತಾರೆ. ಶಿವಣ್ಣ ಇದ್ದಾಗ ಸರಿ. ಈಗ ಇಂಗೇ ಆದ್ರೆ ನಿಮ್ಗೂ ಕಷ್ಟ, ನಂಗೂ ಕಷ್ಟ. ಏನಾರ ಒಂದ್ ದಾರಿ ಮಾಡು. ಇಲ್ಲಾಂದ್ರೆ ಅತ್ತೆ ಜೊತೆ ಊರಿಗಾದ್ರೂ ಓಗು."

"ದಾರಿ ಮಾಡ್ತೀನಿ," ಎಂದಳು ಕೀರ್ತಿ.

ಮರುದಿನ ಅಮ್ರೀನ್ ಬಂದಳು. ಕಾಲೇಜಿನಲ್ಲಿ ಕೀರ್ತಿಯ ಹತ್ತಿರ ಸಂಖ್ಯಾಶಾಸ್ತ್ರ ಓದಿದ ಹುಡುಗಿ. ಈಗ ಆರ್.ಟಿ. ನಗರದಲ್ಲಿ ಮನೆಯಿಂದಲೇ ಸಣ್ಣ ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದಳು. ಹೆಲ್ಮೆಟ್ ತೆಗೆದು, ಸ್ಕಾರ್ಫ್ ಸರಿಮಾಡಿಕೊಂಡು, ನೆಲದ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದಳು. ಆ ಸಂದೇಶವನ್ನು ಓದಿದಾಗ ಮಾತ್ರ ಅವಳ ಮುಖ ಬದಲಾಯಿತು.

"ಮೊದ್ಲು ಇದರ ಸ್ಕ್ರೀನ್‌ಶಾಟ್ ತೆಗ್ದಿಡಿ ಮ್ಯಾಮ್. ಹೋಗ್ತಾ ಸ್ಟೇಷನ್‌ಗೆ ಒಂದ್ ಕಂಪ್ಲೇಂಟ್ ಕೊಟ್ಟು ಬರೋಣ. ಆಮೇಲೆ ಇದು. ಸರ್ ಅಡ್ರೆಸ್‌ನ ಎಷ್ಟ್ ಕಡೆ ಹಾಕಿದಾರೆ ಗೊತ್ತಾ? ಮೊದಲ್ನೇ ಪುಟ, ಕೊನೇ ಪುಟ, ಮ್ಯಾಪು, ಬಿಲ್ಲಿನ ಕೆಳಗೆ. ಹೋಟೆಲ್‌ನವ್ರೂ ಇಷ್ಟ್ ಹಾಕಲ್ಲ."

"ಅವರಿಗೆ ಮಂದಿ ಬರೋದು ಬೇಕಾಗಿತ್ತು."

"ನಾನಂತೂ ಶುರುಮಾಡಿದ್ ದಿನಾನೇ ಗಯಾಸ್ ಮಾಮನ ಮರದ ಪಾಲಿಶ್ ಅಂಗಡಿ ಅಡ್ರೆಸ್ ಹಾಕ್ದೆ. ನನ್ನ ಹುಡ್ಕೊಂಡ್ ಬಂದೋನು ಮೊದ್ಲು ಮಾಮನ ಮುಖ ನೋಡ್ಬೇಕು. ಅರ್ಧ ಜನ ಅಲ್ಲಿಂದಾನೇ ವಾಪಸ್." ಅಮ್ರೀನ್ ನಕ್ಕಳು. "ನಿಮ್ ತೊಟ್ಟಿಲೂ ಅಲ್ಲೇ ಇರ್ಲಿ. ಮಾಮಂಗೆ ಹೇಳಿದೀನಿ. ಬರೋರು ಅಲ್ಲೇ ನೋಡ್ಲಿ, ಅಲ್ಲೇ ತಗೊಂಡ್ ಹೋಗ್ಲಿ."

ಚಂದ್ರವ್ವ ಬಾಗಿಲಿಗೊರಗಿ ಕುಳಿತು ಕೇಳುತ್ತಿದ್ದಳು. "ಅಲ್ಲವಾ, ಸಾಬರ ಅಂಗಡ್ಯಾಗ ಇಟ್ರ ಮಂದಿ ತೊಟ್ಟಲಾ ಒಯ್ತಾರೇನ?"

"ಅಜ್ಜಿ, ಹೋದ್ವರ್ಷ ಬಣ್ಣ ಕಿತ್ತೋದಾಗ ಬಳ್ದಿದ್ದು ಯಾರು? ನಮ್ ಮಾಮ. ಆಮೇಲೆ ಎಷ್ಟ್ ಮಕ್ಕಳು ಮಲಗಿದ್ವು. ಒಂದಾದ್ರೂ ಎದ್ದು ಕೇಳ್ತಾ?"

ಚಂದ್ರವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು. ಕೀರ್ತಿಯೂ ತಲೆ ಎತ್ತಿ ನೋಡಿದಳು. ಸಾಬರ ಅಂಗಡಿ, ವಿಧವೆಯ ಕೈ. ಒಂದಿಷ್ಟು ಜನ ಅದಕ್ಕೂ ಹಿಂದೆ ಸರಿಯುತ್ತಾರೆ, ಒಂದಿಷ್ಟು ಜನ ಇದಕ್ಕೂ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಎಂದು ಅವಳು ಒಮ್ಮೆ ಲೆಕ್ಕ ಹಾಕಲು ಹೋಗಿ ಬಿಟ್ಟಳು.

ಅಮ್ರೀನ್ ಒಂದೊಂದಾಗಿ ಅಳಿಸುತ್ತ ಹೋದಳು. ಮ್ಯಾಪಿನಲ್ಲಿ ಈ ಮನೆಯ ಮೇಲೆ ನಿಂತಿದ್ದ ಗುರುತನ್ನು ತೆಗೆದಳು. ವೆಬ್‌ಸೈಟಿನ ಹೆಸರು ಯಾರದ್ದೆಂದು ಹುಡುಕಿದರೂ ಶಿವಪ್ರಕಾಶನ ಹೆಸರು, ಈ ವಿಳಾಸ ಬರುತ್ತಿತ್ತು. ಅದಕ್ಕೂ ಮರೆ ಹಾಕಿದಳು. ವರಾಂಡದಲ್ಲಿ ತೆಗೆದಿದ್ದ ಚಿತ್ರಗಳಲ್ಲಿ ತೊಟ್ಟಿಲ ಹಿಂದೆ ಮನೆಯ ನಂಬರು ಕಾಣುತ್ತಿತ್ತು. ಆ ಭಾಗ ಕತ್ತರಿಸಿದಳು. ಕೀರ್ತಿಯ ಸ್ವಂತ ಫೋನ್ ನಂಬರು ಹೋಗಿ ಹೊಸದೊಂದು ಬಂತು.

"ಅವನಿಗೆ ಗೊತ್ತಾಗಿದ್ದು ಗೊತ್ತಾಯ್ತು, ಮ್ಯಾಮ್. ಅದನ್ನ ಅವನ ತಲೆಯಿಂದ ಅಳಿಸಕ್ಕಾಗಲ್ಲ. ಇನ್ನೊಬ್ಬನಿಗೆ ಗೊತ್ತಾಗಬಾರ್ದು, ಅಷ್ಟೆ."

"ಅವನಿಗೆ ಮನೆ ಬದಲಾಯಿಸಿದೀವಿ ಅನ್ನಬಹುದು," ಎಂದಳು ಕೀರ್ತಿ. ಅದು ತನ್ನ ಬಾಯಿಂದ ಬಂದದ್ದು ಅವಳಿಗೇ ಆಮೇಲೆ ಗೊತ್ತಾಯಿತು.

"ಸೂಪರ್. 'ನಾವು ಆರ್.ಟಿ. ನಗರಕ್ಕೆ ಸ್ಥಳಾಂತರಗೊಂಡಿದ್ದೇವೆ.' ದೊಡ್ಡದಾಗಿ ಹಾಕ್ತೀನಿ." ಅಮ್ರೀನ್‌ಳ ಬೆರಳುಗಳು ಓಡಿದವು, ನಿಂತವು. "ಮ್ಯಾಮ್... ಈ 'ಮನೆಗೆ ಬನ್ನಿ, ಚಹಾ ನಮ್ಮದು' ಅನ್ನೋದು?"

"ತೆಗಿ."

"ನೀವೇ ತೆಗೀತೀರಾ?"

ಕೀರ್ತಿ ಬಗ್ಗಿ ಒತ್ತಿದಳು. ಸಾಲು ಹೋಯಿತು. ಕೆಳಗಿನ ಸಾಲು ಮೇಲೆ ಬಂದು ಆ ಜಾಗದಲ್ಲಿ ಕುಳಿತಿತು.

ಎಲ್ಲ ಮುಗಿಯಿತು ಎನ್ನುವಾಗ ಅಮ್ರೀನ್ ಗ್ರಾಹಕರು ಹಾಕಿದ ಫೋಟೋಗಳನ್ನು ನೋಡುತ್ತ ಒಂದರ ಮೇಲೆ ನಿಂತಳು. ಯಾರದೋ ಮನೆಯ ನಾಮಕರಣ. ಮಗುವಿನ ಅಜ್ಜನಿರಬೇಕು, ನೆಲದ ಮೇಲೆ ಕುಳಿತು ಫೋಟೋ ತೆಗೆದಿದ್ದ. ತೊಟ್ಟಿಲ ಅಂಚಿನಿಂದ ಮಗುವಿನ ಒಂದು ಪುಟ್ಟ ಕೈ, ಮೇಲೆ ಬಾಗಿದ ಹೆಂಗಸರ ಮುಖಗಳು, ಕೆಳಗೆ ತೊಟ್ಟಿಲ ತಳದ ಹಲಗೆ. ಹಲಗೆಯ ಮೇಲೆ ಕೆಂಪು ಅಕ್ಷರಗಳಿದ್ದವು. ಅಮ್ರೀನ್ ಅದನ್ನು ದೊಡ್ಡದು ಮಾಡಿದಳು.

'ಶಿವಪ್ರಕಾಶ – ಕೀರ್ತಿ. ಮುನಿಶಾಮಪ್ಪನವರ ಮನೆ, ಮೊದಲ ಮಹಡಿ...' ಬೀದಿ, ನಂಬರು, ಅಲ್ಲಾಳಸಂದ್ರ, ಎಲ್ಲವೂ ಇತ್ತು.

"ಇದೇನಿದು?"

ಚಂದ್ರವ್ವ ಹತ್ತಿರ ಬಂದು ಕಣ್ಣು ಕಿರಿದು ಮಾಡಿದಳು. "ನಾನ ಹೇಳಿದ್ದೆ. ಎರವಲ ಕೊಡೂ ಸಾಮಾನಿಗೆ ಹೆಸರ ಹಾಕಸ್ತಾರವಾ. ಮದಿವಿಗೆ ಕೊಟ್ಟ ಕೊಡಾ, ಪರಾತ ಎಲ್ಲಾ ಹೆಸರಿನ ಮ್ಯಾಲ ಅಲ್ಲೇನ ತಿರುಗಿ ಬರೂದು? ಬೆಂಗಳೂರು ದೊಡ್ಡೂರು, ಕಳದ ಹೋದ್ರ ಹೆಂಗ ಅಂದೆ. ಅವ ಅಡ್ರಿಸ್ಸ ಬರದಾ."

ನಾಲ್ಕು ತೊಟ್ಟಿಲಿಗೂ ಬರೆದಿದ್ದ. ಮಳೆಗಾಲದ ಒಂದು ಭಾನುವಾರ, ತೊಟ್ಟಿಲುಗಳನ್ನು ಈ ಹಾಲಿನಲ್ಲಿ ಬೋರಲು ಹಾಕಿ, ಸಣ್ಣ ಬ್ರಷ್ಷು ಹಿಡಿದು. ಕೀರ್ತಿ ಪಕ್ಕದಲ್ಲಿ ಡಬ್ಬಿ ಹಿಡಿದು ಕುಳಿತಿದ್ದಳು.

"ಈ ಫೋಟೋ ತೆಗ್ಸ್ತೀನಿ," ಎಂದಳು ಅಮ್ರೀನ್ ಮೆಲ್ಲಗೆ. "ಆದ್ರೆ ತೊಟ್ಟಿಲು ವಾರ ವಾರ ಒಂದೊಂದ್ ಮನೆಗೆ ಹೋಗತ್ತೆ. ಎಲ್ರ ಕೈಲೂ ಫೋನು. ಮಗು ಹುಟ್ಟಿದ್ರೆ ಮೊದ್ಲು ಇಂಟರ್ನೆಟ್ಟಿಗೇ ಹಾಕ್ತಾರೆ. ಮಾಮಂಗೆ ಕೊಡಿ, ಮಷೀನಲ್ಲಿ ಎರಡ್ ನಿಮಿಷ."

ಚಂದ್ರವ್ವ ಹೊರಗೆ ನೋಡುತ್ತಿದ್ದಳು. "ಅಳಿಸಿ ಬಿಡ್ರವಾ," ಎಂದಳು. "ಬರಸಿದಾಕಿ ನಾನ. ಹೇಳಾಕತ್ತೇನಿ, ಅಳಿಸಿ ಬಿಡ್ರಿ."

"ಮಷೀನ್ ಬೇಡ. ಮರಳು ಕಾಗದ ಕಳಿಸು," ಎಂದಳು ಕೀರ್ತಿ.

ಅಮ್ರೀನ್ ಹೊರಡುವಾಗ ಕೀರ್ತಿ ಅವಳ ಜೊತೆ ಹೋಗಿ ಸ್ಟೇಷನ್ನಿನಲ್ಲಿ ದೂರು ಕೊಟ್ಟು ಬಂದಳು. ಮನೆ ಬದಲಾಯಿಸಿದೆವು ಎನ್ನುವ ಉಪಾಯ ಮುನಿಶಾಮಪ್ಪನಿಗೆ ಬಹಳ ಹಿಡಿಸಿತು. ತಾನೇ ಅದನ್ನು ಬೆಳೆಸಿದ. ಅಟ್ಟದಿಂದ 'ಮನೆ ಬಾಡಿಗೆಗಿದೆ' ಎಂಬ ತಗಡಿನ ಬೋರ್ಡು ಇಳಿಸಿ, ಧೂಳು ಒರೆಸಿ ಗೇಟಿಗೆ ಕಟ್ಟಿದ.

"ನಿಜವಾಗ್ಲೂ ಬಾಡಿಗೆ ಕೇಳ್ಕಂಡ್ ಬಂದ್ರೆ?" ಎಂದು ಕೀರ್ತಿ ಕೇಳಿದಳು.

"ಬರ್ಲಿ ಬುಡು. ಏರ್‌ಪೋರ್ಟ್ ರೋಡಿನ ರೇಟ್ ಏಳ್ತೀನಿ, ತಾವಾಗೇ ಓಗ್ತಾರೆ."

ಚಂದ್ರವ್ವ ಅವನ ಮುಂದೆ ನಿಂತು ಹೇಳಿದಳು: "ಯಜಮಾನ್ರ, ನಿಮ್ಮ ಮ್ಯಾಲ ಬಿಟ್ಟು ಹೊಂಟೇನ್ರಿ. ಅವ ಮತ್ತ ಈ ಹೊಸ್ತಲಾ ದಾಟಿದ ಅಂತ ಗೊತ್ತಾದ್ರ, ಮರುದಿನಾ ಬಂದು ಈಕಿನ್ನ ಕರಕೊಂಡ ಹೋಗಾಕಿ ನಾನು. ಆಮ್ಯಾಲ ಈಕಿ ಮಾತೂ ಕೇಳಂಗಿಲ್ಲ, ನಿಮ್ಮ ಮಾತೂ ಕೇಳಂಗಿಲ್ಲ."

"ಓಗ್ಬನ್ನಿ ತಾಯಿ. ನಾಯಿ ಸಾಕಿಲ್ಲ ನಾನು, ನಾನೇ ಇವ್ನಿ," ಎಂದ ಮುನಿಶಾಮಪ್ಪ.

ಶನಿವಾರ ಮೂರು ತೊಟ್ಟಿಲುಗಳನ್ನು ಬೋರಲು ಹಾಕಿದರು. ಚಂದ್ರವ್ವ ಅಂಚು ಒತ್ತಿ ಹಿಡಿದಳು, ಕೀರ್ತಿ ಉಜ್ಜಿದಳು. ಮೊದಲು ಊರಿನ ಹೆಸರು ಹೋಯಿತು, ಆಮೇಲೆ ಬೀದಿ, ನಂಬರು, ಕೊನೆಗೆ ಹೆಸರುಗಳು. ಎನಾಮೆಲ್ ಬಣ್ಣ ಮೊಂಡು ಹಿಡಿದಿತ್ತು. ಉಜ್ಜಿದಷ್ಟೂ ಅಕ್ಷರಗಳು ತೆಳ್ಳಗಾಗುತ್ತಿದ್ದವು, ಕೂಡಲೇ ಹೋಗುತ್ತಿರಲಿಲ್ಲ. ತನಗೆ ಏನಾದರೂ ಆಗಬಹುದು ಎಂದು ಕೀರ್ತಿ ಕಾದಳು. ಭುಜ ನೋಯಿತು, ಬೆರಳ ತುದಿ ಉರಿಯಿತು. ಬೇರೇನೂ ಆಗಲಿಲ್ಲ. ಭಾನುವಾರ ಗಯಾಸ್ ಗೂಡ್ಸ್ ಆಟೋ ತಂದು ಮೂರನ್ನೂ ಹಳೇ ಕಂಬಳಿಯಲ್ಲಿ ಸುತ್ತಿ ಏರಿಸಿದ. "ಫಿಕರ್ ಮಾಡ್ಬೇಡಿ ಬೆಹೆನ್, ನಮ್ದು ಅಂಗಡಿಯಲ್ಲಿ ಧೂಳು ಭೀ ಕೂರೋದಿಲ್ಲ," ಎಂದ. ಅವನ ಅಂಗಿಯ ತುಂಬ ಧೂಳಿತ್ತು.

ನಾಲ್ಕನೆಯದು ಹಾಲಿನ ಕೊಕ್ಕೆಯಲ್ಲೇ ಉಳಿಯಿತು. ಅದು ಶಿವಪ್ರಕಾಶ ಮೊದಲು ತಂದ ತೊಟ್ಟಿಲು, ಎಲ್ಲಕ್ಕಿಂತ ಭಾರ. ಸರಪಳಿಯ ಕೊಂಡಿ ಬಿಗಿದುಕೊಂಡಿತ್ತು. ಅದನ್ನು ಬಿಚ್ಚುವ ಹಿಕಮತ್ತು ಅವನಿಗಷ್ಟೇ ಗೊತ್ತಿತ್ತು. ಗಯಾಸ್ ಮೇಲೆ ಕೆಳಗೆ ನೋಡಿ, ಮಂಗಳವಾರ ಕೊಂಡಿ ಕಳಚುವ ಔಜಾರು ತರುತ್ತೇನೆ ಎಂದು ಹೋದ.

ಯಶವಂತಪುರದಿಂದ ರೈಲು. ಹೊರಡುವ ಮೊದಲು ಚಂದ್ರವ್ವ ಅಡುಗೆಮನೆಯಿಂದ ಗುಂಡುಕಲ್ಲನ್ನು ತೊಳೆದು ತಂದು, ಒರೆಸಿ, ತೊಟ್ಟಿಲಲ್ಲಿ ಮಲಗಿಸಿದಳು. ನಾಮಕರಣದಲ್ಲಿ ಕೂಸಿಗಿಂತ ಮೊದಲು ಮಲಗಿಸುವ ಹಾಗೆ.

"ನೀ ತಿಕ್ಕುಮುಂದ ಇದು ಅಳ್ಳಾಡತೈತಿ. ಖಾಲಿ ತೊಟ್ಟಲಾ ತೂಗಬಾರದವಾ."

"ಹೂನ್ರಿ, ಅತ್ತಿ."

ಚಂದ್ರವ್ವ ಅವಳ ಕೆನ್ನೆ ಮುಟ್ಟಿದಳು, ಚೀಲ ಎತ್ತಿಕೊಂಡಳು.

ಸೋಮವಾರ ಊಟದ ಹೊತ್ತು ಕಳೆದ ಮೇಲೆ ಕೀರ್ತಿ ಮರಳು ಕಾಗದ ತೆಗೆದುಕೊಂಡಳು. ತೊಟ್ಟಿಲು ನೆಲದಿಂದ ಮೊಳಕ್ಕಿಂತ ಸ್ವಲ್ಪ ಎತ್ತರದಲ್ಲಿ ತೂಗುತ್ತಿತ್ತು. ಅವಳು ಅದರ ಕೆಳಗೆ ಅಂಗಾತ ಮಲಗಿದಳು, ದುಪಟ್ಟಾವನ್ನು ಮೂಗಿಗೆ ಕಟ್ಟಿಕೊಂಡಳು. ಅಕ್ಷರಗಳು ಮುಖದ ಮೇಲೇ ಇದ್ದವು. 'ಪ್ರ' ಬರೆಯುವಾಗ ಬ್ರಷ್ಷಿನಿಂದ ಒಂದು ಹನಿ ಜಾರಿ ಅಲ್ಲೇ ಒಣಗಿತ್ತು. ಮೂರು ತೊಟ್ಟಿಲಲ್ಲಿ ಅವಳು ಇದನ್ನು ನೋಡಿರಲಿಲ್ಲ, ಅಥವಾ ಅವುಗಳಲ್ಲಿ ಇರಲಿಲ್ಲ.

ಕೆಳಗಿನ ಸಾಲಿನಿಂದ ಶುರುಮಾಡಿದಳು. ಅಲ್ಲಾಳಸಂದ್ರ ಹೋಯಿತು. ಉಜ್ಜಿದಾಗಲೆಲ್ಲ ತೊಟ್ಟಿಲು ಅಲುಗಿ, ಸರಪಳಿ ಕಿರುಗುಟ್ಟಿ, ಒಳಗೆ ಗುಂಡುಕಲ್ಲು ಆ ಬದಿಯಿಂದ ಈ ಬದಿಗೆ ಹೊರಳುತ್ತಿತ್ತು. ಬೀದಿ ಹೋಯಿತು. ಮುನಿಶಾಮಪ್ಪನವರ ಮನೆ ಹೋಯಿತು. ಹೆಸರುಗಳ ಸಾಲಿಗೆ ಬಂದಾಗ ಕೈ ನಿಧಾನವಾಯಿತು. ಇದನ್ನು ಬಿಡಬಹುದಲ್ಲ ಎಂದುಕೊಂಡಳು. ಬೇಕಾಗಿದ್ದುದು ವಿಳಾಸ ಹೋಗುವುದು. ಹೆಸರಿಗೆ ಬೀದಿ ಇಲ್ಲ, ನಂಬರು ಇಲ್ಲ. ಬೆಂಗಳೂರಿನಲ್ಲಿ ಎಷ್ಟು ಜನ ಶಿವಪ್ರಕಾಶರು. ತೊಟ್ಟಿಲ ತಳದಲ್ಲಿ ಒಂದು ಹೆಸರಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅದರ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಳು.

ಗೇಟು ತೆರೆದ ಸದ್ದಾಯಿತು.

"ಯಾರ್ ಬೇಕಿತ್ತು ಸ್ವಾಮಿ?" ಮುನಿಶಾಮಪ್ಪನ ದನಿ.

"ಮೇಲ್ಗಡೆ ಮನೆಯವ್ರು. ತೊಟ್ಟಿಲು ಬಾಡಿಗೆಗೆ ಕೊಡ್ತಾರಲ್ಲ, ಮೇಡಂ."

ಕೀರ್ತಿಯ ಕೈ ನಿಂತಿತು. ಹಾಲಿನ ಕಿಟಕಿ ಗೇಟಿನ ನೇರಕ್ಕೆ ತೆರೆದಿತ್ತು.

"ಅವ್ರಾ? ಖಾಲಿ ಮಾಡ್ಕಂಡ್ ಓದ್ರಲ್ಲ. ಬೋರ್ಡ್ ಕಾಣಕಿಲ್ವಾ?"

"ಯಾವಾಗ? ಮೊನ್ನೆ ಇದ್ರು."

"ಮೊನ್ನೆ ಇದ್ರು, ಇವತ್ತಿಲ್ಲ. ಮನುಸ್ರು ಅಂದ್ಮೇಲೆ ಅಂಗೇ ಅಲ್ವಾ?"

"ಎಲ್ಲಿಗ್ ಹೋದ್ರು?"

"ಅತ್ತೆ ಜೊತೆ ಊರಿಗೆ ಓದ್ರು. ಆ ತಾಯಿ ಒಬ್ಳೇ ಇಲ್ಲೇನ್ ಮಾಡ್ತಾಳೆ, ಅಲ್ವಾ? ತೊಟ್ಲು ಬೇಕಂದ್ರೆ ಆರ್.ಟಿ. ನಗ್ರದಾಗೆ ಅಂಗ್ಡಿ ಐತಂತೆ, ಅಲ್ಲೋಗಿ."

"ಸ್ವೀಟ್ ತಂದಿದ್ದೆ ಅವ್ರಿಗೆ."

"ನಂಗೆ ಸಕ್ಕರೆ ಕಾಯ್ಲೆ."

ಬೂಟಿನ ಸದ್ದು ಎರಡು ಹೆಜ್ಜೆ ಬಂದು, ಕಿಟಕಿಯ ಕೆಳಗೆ ನಿಂತಿತು. ತೊಟ್ಟಿಲು ಇನ್ನೂ ಅಲುಗುತ್ತಿತ್ತು. ಕೀರ್ತಿ ತಳಕ್ಕೆ ಅಂಗೈ ಒತ್ತಿ ಅದನ್ನು ನಿಲ್ಲಿಸಿದಳು.

"ಮೇಲೆ ಏನೋ ಸದ್ದಾಗ್ತಿತ್ತು," ಎಂದ ಅವನು. "ಗೇಟ್ ಹತ್ರ ಬರೋವಾಗ ಕೇಳಿಸ್ತು. ಈಗ ನಿಂತೋಯ್ತು."

"ಸದ್ದಾಗ್ದೆ ಇನ್ನೇನು? ಬಣ್ಣ ಒಡೆಸ್ತಾ ಇವ್ನಿ, 'ಗೋಡೆ ಉಜ್ಜು' ಅಂತ ಆಳ್ ಬಿಟ್ಟಿವ್ನಿ." ಮುನಿಶಾಮಪ್ಪನ ದನಿ ಒಮ್ಮೆಲೇ ಏರಿತು. "ಲೇಯ್ ಸುಬ್ರಮಣಿ! ಯಾಕ್ಲಾ ನಿಲ್ಲಿಸ್ದೆ? ಕೂಲಿ ಬ್ಯಾಡ್ವಾ? ಉಜ್ಜಲೇ!"

ಸುಬ್ರಮಣಿ ಎಂಬುವನು ಆ ಮನೆಯಲ್ಲಿ ಎಂದೂ ಇರಲಿಲ್ಲ. ಕೀರ್ತಿ ಉಸಿರು ಬಿಟ್ಟಳು. ಅವಳ ಕೈ ಮೇಲಕ್ಕೆ ಹೋಯಿತು. ಮರಳು ಕಾಗದ ಹಲಗೆಗೆ ತಾಗಿ ಕರ್ರೆಂದಿತು.

"ಇಂಗೇನೇ ಇವ್ನು. ನಾನ್ ಕೂಗ್ದಿದ್ರೆ ಅಲ್ಲೇ ಮಲಗ್ಬುಡ್ತಾನೆ. ಇನ್ನೂ ಜೋರಾಗ್ ಉಜ್ಜೋ! ಆ ಹಳೇ ಬಣ್ಣ ಒಂಚೂರೂ ಉಳೀಬಾರ್ದು!"

ಅವಳು ಜೋರಾಗಿ ಉಜ್ಜಿದಳು. ಪುಡಿ ಉದುರಿ ಕಣ್ಣಿಗೆ ಬಿತ್ತು. ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣೊಳಗೆ ಏನೂ ಇರಲಿಲ್ಲ, ಸದ್ದು ಮಾತ್ರ ಇತ್ತು. ಕೈ ಎಲ್ಲಿತ್ತೋ ಅಲ್ಲೇ ಹೋಯಿತು, ಬಂತು. ಗುಂಡುಕಲ್ಲು ಮೇಲೆ ಹೊರಳಿತು. ಕೆಳಗೆ ಮುನಿಶಾಮಪ್ಪ ಬಾಡಿಗೆಯ ರೇಟು ಹೇಳುತ್ತಿದ್ದ, ಅಡ್ವಾನ್ಸ್ ಎಷ್ಟು ಎನ್ನುತ್ತಿದ್ದ, ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ ಎನ್ನುತ್ತಿದ್ದ. ಅವನು ಏನೋ ಕೇಳಿದ. ಇವನು ಏನೋ ಹೇಳಿದ. ಗೇಟು ಸದ್ದು ಮಾಡಿರಬೇಕು. ಅವಳಿಗೆ ಕೇಳಿಸಲಿಲ್ಲ.

"ಓದ ಕಣಮ್ಮಾ," ಎಂದು ಕಿಟಕಿಯ ಕೆಳಗಿನಿಂದ ದನಿ ಬಂತು. "ಎಳನೀರ್ ಗಾಡೀನೂ ದಾಟ್ಕಂಡು ಬಸ್ ಅತ್ತಿದ. ನಾನೇ ನಿಂತ್ ನೋಡ್ದೆ." ಮುನಿಶಾಮಪ್ಪ ಸ್ವಲ್ಪ ಕಾದು, ನಗುತ್ತ ಮತ್ತೆ ಕೂಗಿದ. "ಸುಬ್ರಮಣೀ, ಸಾಕು ನಿಲ್ಲಿಸಪ್ಪಾ!"

ಅವಳು ಇನ್ನೂ ಉಜ್ಜುತ್ತಿದ್ದಳು.

ಕೈ ತಾನಾಗಿ ಸೋತಾಗ ಕಣ್ಣು ತೆರೆದಳು. ಹಲಗೆ ನುಣ್ಣಗೆ, ಬಿಳುಪಾಗಿ, ಹೊಸ ಮರದ ಹಾಗಿತ್ತು. ಅವಳು ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಆ ಕೊನೆಯಿಂದ ಈ ಕೊನೆಯವರೆಗೆ. ಹನಿ ಬಿದ್ದು ಒಣಗಿದ ಜಾಗವೂ ಸಿಗಲಿಲ್ಲ.

ಪಕ್ಕಕ್ಕೆ ಹೊರಳಿ ಮೆಲ್ಲಗೆ ಎದ್ದು ನಿಂತಳು. ದುಪಟ್ಟಾ ಬಿಚ್ಚಿದಳು. ಕಸಬರಿಗೆ ತರಲು ಹೋದವಳು ಬಾಗಿಲಲ್ಲಿ ತಿರುಗಿ ನೋಡಿದಳು. ತೊಟ್ಟಿಲ ಕೆಳಗೆ ನೆಲದ ಮೇಲೆ ಕೆಂಪು ಪುಡಿ ತೆಳ್ಳಗೆ ಹರಡಿತ್ತು. ನಡುವೆ ಒಂದು ಆಳು ಮಲಗಿದ್ದಷ್ಟು ಜಾಗ, ತಲೆ, ಭುಜ, ಮಡಚಿದ ಮೊಣಕೈ, ಏನೂ ಬೀಳದೆ ಖಾಲಿ ಉಳಿದಿತ್ತು. ಅದರ ಮೇಲೆ ತೊಟ್ಟಿಲು ತೂಗುತ್ತಲೇ ಇತ್ತು.